ಕಟ್ಟು ಕುಡಿದರೂ ಕಾಲು ಬರಲಿಲ್ಲ

ಮನೆಗೆ ಟಿ.ವಿ. ಬಂದ ವರ್ಷ ನಮ್ಮ ಯಜಮಾನರು ಹಿಪ್ಪುನೇರಳೆ ಸೊಪ್ಪಿನ ಗಾಡಿಯಿಂದ ಬಿದ್ದರು. ಕಾಲಿನ ಚರ್ಮ ಹರಿದು ಮೂಳೆ ಮುರಿಯಿತು. ಚಿಂತಾಮಣಿ ಆಸ್ಪತ್ರೆಯಲ್ಲಿ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು.

ಗಾಯವಾದವರಿಗೆ ನಮ್ಮಲ್ಲಿ ಅವರೆ, ಹುರುಳಿ, ಮೊಟ್ಟೆ ಕೊಡುವುದಿಲ್ಲ. ನಂಜು, ಕೀವು ಕಟ್ಟುತ್ತದೆ ಅನ್ನುತ್ತಾರೆ. ನಮ್ಮತ್ತೆ ಅದರಲ್ಲಿ ಬಲು ಗಟ್ಟಿ. ಮಗನಿಗೆ ಮುದ್ದೆ, ಮೆಣಸಿನ ಸಾರು, ಅಷ್ಟೇ. ನಾನು ಬೇಯಿಸಿದೆ, ಬಡಿಸಿದೆ.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸೊಪ್ಪು ಕಿತ್ತ ಕಡ್ಡಿಯಂತಿತ್ತು. ಮೂಳೆ ಕೂಡಿತ್ತು, ಕಾಲು ನಿಲ್ಲುತ್ತಿರಲಿಲ್ಲ. ನನಗೆ ಅಳು ಬರಲಿಲ್ಲ. ಇವರು ಏಳದಿದ್ದರೆ ರೇಷ್ಮೆ ಹುಳು ಸಾಕುವುದು ನಿಂತೀತು, ನಾನೊಬ್ಬಳೇ ಸೊಪ್ಪು ಹೊರಲಾರೆ ಎಂದುಕೊಂಡೆ.

ಡಾಕ್ಟರು ಊಟ ಏನೆಂದು ಕೇಳಿದರು. ಹೇಳಿದೆ.

“ಪ್ಲಾಸ್ಟರಲ್ಲಿದ್ದ ಕಾಲು ಸೊರಗ್ತದೆ, ಅದು ಸರಿ. ಆದ್ರೆ ಮಾಂಸ ಮತ್ತೆ ಕಟ್ಟೋಕೆ ಲೈಸಿನ್ ಅಂತ ಒಂದು ಸತ್ವ ಬೇಕಮ್ಮ. ಮೈ ಅದನ್ನ ತಾನೇ ಮಾಡ್ಕೊಳಲ್ಲ, ಊಟದಲ್ಲೇ ಬರಬೇಕು. ರಾಗೀಲಿ ಕಮ್ಮಿ. ಕಾಳು, ಹಾಲು, ಮೊಟ್ಟೇಲಿ ಜಾಸ್ತಿ. ಬರೀ ತಿಂದು ಮಲಗಿದ್ರೂ ಆಗಲ್ಲ. ಪಾದಕ್ಕೆ ಮರಳಿನ ಚೀಲ ಕಟ್ಟಿ ಎತ್ತಿಸಿ.”

ಮನೆಯಲ್ಲಿ ಅತ್ತೆ ಕೇಳಿದರು, “ನಂಜಾಗಿ ಕಾಲು ಕುಯ್ದ್ರೆ ಆ ಡಾಕ್ಟ್ರು ತನ್ನ ಕಾಲು ಬಿಚ್ಚಿ ಕೊಡ್ತಾನೇನೇ?”

“ಗಾಯ ಒಣಗಿದೆ ಅತ್ತೆ. ನಂಜು ಎಲ್ಲಿಂದ ಬರ್ತದೆ?”

“ಹಂಗಾದ್ರೆ ಕಟ್ಟು ಮಾತ್ರ ಕೊಡು. ಸಾರವೆಲ್ಲ ಅದ್ರಲ್ಲೇ ಕಣೇ ಇರೋದು.”

ಕಟ್ಟು ಎಂದರೆ ಕಾಳು ಬೇಯಿಸಿ ಬಸಿದ ನೀರು. ಅದರ ಬಸ್ಸಾರನ್ನು ಯಜಮಾನರು ಮುದ್ದೆಗೆ ಸುರಿದುಕೊಂಡು ಉಂಡರು. ಕಾಳು ನಮ್ಮ ತಟ್ಟೆಗೆ ಬಂತು. ಅವರೆ ಕಾಲ ಮುಗಿಯುತ್ತಾ ಬಂದರೂ ಪಾದಕ್ಕೆ ಕಟ್ಟಿದ ಮರಳಿನ ಚೀಲ ನೆಲ ಬಿಡಲಿಲ್ಲ.

ಡಾಕ್ಟರು ಹೇಳಿದ್ದು ಕಾಳು, ಅದರ ನೀರಲ್ಲ. ಒಂದು ಮಧ್ಯಾಹ್ನ ಕಾಳನ್ನೆಲ್ಲ ಯಜಮಾನರ ತಟ್ಟೆಗೇ ಹಾಕಿದೆ. ಅವರು ತಾಯಿಯನ್ನು ನೋಡಿದರು.

“ಅಮ್ಮನ ಮುಖ ಯಾಕೆ ನೋಡ್ತೀರಿ? ನಡೀಬೇಕಾದ್ದು ನೀವು. ತಿನ್ನಿ.”

“ನಿನ್ನ ಗಂಡ, ನಿನ್ನ ಹಣೆಬರಹ,” ಎಂದು ಅತ್ತೆ ಎದ್ದು ಹೋದರು. ಯಜಮಾನರು ತಲೆ ತಗ್ಗಿಸಿ ತಿಂದರು.

ಆಮೇಲೆ ದಿನವೂ ಕಾಳು, ಮೊಟ್ಟೆ, ಮರಳಿನ ಚೀಲ. ಅತ್ತೆ ದಿನವೂ ಗಾಯದ ಕಲೆಯನ್ನು ಒತ್ತಿ ಕೀವು ಹುಡುಕುತ್ತಿದ್ದರು. ಸಿಗಲಿಲ್ಲ. ಚೀಲ ಮೊದಲು ಬೆರಳಷ್ಟು ಎದ್ದಿತು, ಆಮೇಲೆ ಗೇಣಷ್ಟು.

ಬೇಸಿಗೆಯ ಬೆಳೆ ಇಳಿದಾಗ ಯಜಮಾನರು ಕುಂಟುತ್ತಲೇ ರೇಷ್ಮೆ ಗೂಡಿನ ಮೂಟೆ ಹೊತ್ತು ಶಿಡ್ಲಘಟ್ಟದ ಮಾರುಕಟ್ಟೆಗೆ ಬಸ್ಸು ಹತ್ತಿದರು. ಅತ್ತೆ ಬಾಗಿಲಲ್ಲಿ ನಿಂತು ಅತ್ತರು. ನನಗೆ ಸಂತೋಷವೂ ಆಗಲಿಲ್ಲ, ಮತ್ತೇನೂ ಆಗಲಿಲ್ಲ. ಹುಳು ಗೂಡು ಕಟ್ಟಿದ್ದ ಬಿದಿರಿನ ಚಂದ್ರಿಕೆ ತಟ್ಟಿಗಳು ಖಾಲಿಯಾಗಿದ್ದವು. ಒಂದೊಂದಾಗಿ ಬಿಸಿಲಿಗೆ ಹಾಕಿದೆ.