ಹಗ್ಗಕ್ಕೆ ಕಟ್ಟಿದ ಹಿತ್ತಲು

ನಾನು ಚಿಕ್ಕವನಿದ್ದಾಗ ನಮ್ಮ ಹಿತ್ತಲು ನೆಲದ ಮೇಲಿರಲಿಲ್ಲ, ಹಗ್ಗದಲ್ಲಿ ನೇತಾಡುತ್ತಿತ್ತು. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಅಪ್ಪನ ಎಣ್ಣೆ, ಬೆಲ್ಲದ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಬಾವಿ ಇದ್ದ ಒಂದು ಚೂರು ಜಾಗ. ಯಾವ ಕಡೆಗೆ ನಾಲ್ಕು ಹೆಜ್ಜೆ ಇಟ್ಟರೂ ಗೋಡೆ. ನೆಲಕ್ಕೆಲ್ಲ ಕಲ್ಲುಚಪ್ಪಡಿ. ಬಿಸಿಲು ಗೋಡೆಯ ತಲೆ ಸವರಿಕೊಂಡು ಹೋಗುತ್ತಿತ್ತೇ ಹೊರತು ಕೆಳಗೆ ಇಳಿಯುತ್ತಿರಲಿಲ್ಲ. ಅಲ್ಲಿ ಯಾವಾಗಲೂ ಪಾಚಿಯ, ಒದ್ದೆ ಸುಣ್ಣದ ವಾಸನೆ.

ಅಕ್ಕ ದೊಡ್ಡವಳಾದ ಮೇಲೆ ಅವಳನ್ನು ಶಾಲೆ ಬಿಡಿಸಿದರು. ಆಗಿನ ವಾಡಿಕೆ ಹಾಗೆ. ಬೀದಿ ಬಾಗಿಲಿಗೆ ಬರುವಂತಿಲ್ಲ, ಅಂಗಡಿಗೆ ಗಿರಾಕಿ ಬಂದರೆ ಒಳಗೆ ಗಟ್ಟಿಯಾಗಿ ಮಾತಾಡುವಂತಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಯಿಂದ ಬಾವಿಗೆ, ಬಾವಿಯಿಂದ ಅಡುಗೆಮನೆಗೆ. ದೂರದಲ್ಲಿ ಶಾಲೆಯ ಗಂಟೆ ಹೊಡೆದಾಗ ಅವಳ ಕೈಯ ಕೆಲಸ ನಿಂತುಬಿಡುತ್ತಿತ್ತು. ನೋಡಿ ನನಗೆ ಸಿಟ್ಟು ಬರುತ್ತಿತ್ತು. ಎಂಟು ವರ್ಷದ ಪೋರನ ಮಾತು ಯಾರು ಕೇಳುತ್ತಾರೆ ಹೇಳಿ?

ಆಗ ಯುದ್ಧದ ಕಾಲ, ಎಲ್ಲದಕ್ಕೂ ಅಭಾವ. ಅಕ್ಕ ತೂತು ಬಿದ್ದ ಎಣ್ಣೆ ಡಬ್ಬಗಳನ್ನೂ ಬಾಯಿ ಒಡೆದ ಮಡಕೆಗಳನ್ನೂ ಒಂದೊಂದಾಗಿ ಕೂಡಿಟ್ಟಳು. "ಬಿಸ್ಲು ಕೆಳಕ್ಕೆ ಬರಾಕಿಲ್ಲ ಅಂದ್ರೆ ಗಿಡನೇ ಮ್ಯಾಕ್ಕೆ ಓಗ್ಲಿ ಕಣ್ಲಾ" ಎಂದಳು. ಹೊಳೆದಂಡೆಯ ಮಣ್ಣು ಹೊತ್ತು ತರುವ ಕೆಲಸ ನನ್ನ ತಲೆಗೆ ಬಿತ್ತು. ಗೋಡೆಯಿಂದ ಗೋಡೆಗೆ ಬಿದಿರಿನ ಗಳ ಹಾಕಿ, ಬೆಣ್ಣೆ ಮಡಕೆ ತೂಗುಹಾಕುವ ನೆಲುವಿನ ಹಾಗೆ ನಾರಿನ ಹಗ್ಗ ಹೆಣೆದು, ಒಂದರ ಕೆಳಗೊಂದು ಮೂರು ಮೂರು ಡಬ್ಬ ಕಟ್ಟಿದಳು. ಮೇಲಿನದಕ್ಕೆ ಅಕ್ಕಿ ತೊಳೆದ ನೀರು ಹಾಕಿದರೆ ತಳದ ತೂತಿನಿಂದ ನಡುವಿನದಕ್ಕೆ, ಅಲ್ಲಿಂದ ಕೆಳಗಿನದಕ್ಕೆ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ನೀರುಣಿಸಿ, ಹಗ್ಗ ಎಳೆದು ಡಬ್ಬಗಳನ್ನು ಬಿಸಿಲಿಗೆ ಏರಿಸುವುದು, ಸಂಜೆ ಇಳಿಸಿ ಮತ್ತೆ ನೀರುಣಿಸುವುದು. ಮೆಣಸಿನ ಗಿಡ, ಬದನೆ, ಕೆಳಗಿನ ಡಬ್ಬದಲ್ಲಿ ಮೆಂತ್ಯದ ಸೊಪ್ಪು. ಹಾಗಲದ ಡಬ್ಬ ಮಾತ್ರ ಮೇಲೇ ಇರುತ್ತಿತ್ತು, ಬಳ್ಳಿ ಗಳದ ತುಂಬ ಹಬ್ಬಿ, ಅದರ ಕಾಯಿಗಳು ಅಪ್ಪನ ತಲೆಗೆ ತಾಗುತ್ತಿದ್ದವು. ಹಿಡಿ ಮಣ್ಣಿಲ್ಲದ ಮನೆಯಲ್ಲಿ ದಿನಕ್ಕೊಂದು ಪಲ್ಯ! ಆದರೂ ಡಬ್ಬ ಮೇಲಕ್ಕೆ ಏರುವಾಗ ಅಕ್ಕ ಕತ್ತು ಎತ್ತಿ ನೋಡುತ್ತ ನಿಲ್ಲುತ್ತಿದ್ದಳಲ್ಲ, ಅದನ್ನು ಕಂಡರೆ ನನಗೆ ಅಳು ಬರುತ್ತಿತ್ತು.

ಒಂದು ದಿನ ಅವಳನ್ನು ನೋಡಲು ನುಗ್ಗೇಹಳ್ಳಿ ಕಡೆಯ ಬೇಸಾಯದ ಮನೆಯವರು ಬರುವುದೆಂದಾಯಿತು. ಅಕ್ಕನ ಮೇಷ್ಟ್ರು ಅಂಗಡಿಗೆ ಬಂದು, ಹುಡುಗಿ ಜಾಣೆ, ಪರೀಕ್ಷೆಗೆ ಕೂರಿಸಿ ಎಂದು ಎರಡು ಸಲ ಹೇಳಿ ಹೋಗಿದ್ದರು. ಅದಕ್ಕೇ ಇರಬೇಕು, ಅಪ್ಪ ಆ ಬೆಳಿಗ್ಗೆ ಅವ್ವನಿಗೆ, "ಈ ಸಂಬಂಧ ಕೂಡಿ ಬರ್ನಿಲ್ವಾ, ಪರೀಕ್ಸೆ ಕಟ್ಲಿ, ಸ್ಕೂಲ್ಗೆ ಕಳಿಸ್ತೀನಿ. ಕೂಡಿ ಬಂತಾ, ಮದ್ವೆ" ಎಂದರು. ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ.

ಅಕ್ಕ ನನ್ನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ಕಿವಿ ಹಿಡಿದಳು. "ಏನ್ ಕೇಳಿದ್ರೂ ಬರಾಕಿಲ್ಲ ಅಂತೀನಿ. ಅವ್ರು ಬ್ಯಾಡ ಅಂತ ಎದ್ದೋದ್ರೆ ನಾನು ಸ್ಕೂಲ್ಗೆ ಓಗ್ಬೋದು. ನೀನು ಈ ಡಬ್ಬದ ಸುದ್ದಿ ಎತ್ಬುಟ್ಟೀಯ, ಉಸಾರು!" ಎಂದಳು.

"ಎತ್ತಾಕಿಲ್ಲ ಕಣಕ್ಕ" ಎಂದು ಆಣೆ ಇಟ್ಟೆ.

ಮಧ್ಯಾಹ್ನ ಕಮಾನು ಗಾಡಿಯಲ್ಲಿ ಹುಡುಗ, ಅವನ ತಂದೆ, ತಾಯಿ ಬಂದಿಳಿದರು. ಮನೆಯೆಲ್ಲ ಉಪ್ಪಿಟ್ಟಿನ ಒಗ್ಗರಣೆಯ ಘಮ. ಅಕ್ಕ ತಲೆ ಬಗ್ಗಿಸಿ ಚಾಪೆಯ ಮೇಲೆ ಕೂತಳು. ಕಳೆ ಕೀಳುತ್ತೀಯಾ? ಬರಲ್ಲ. ಪೈರು ನಾಟಿ ಮಾಡ್ತೀಯಾ? ಬರಲ್ಲ. ಕೇಳಿ ಕೇಳಿ ಸಾಕಾಗಿ ಹುಡುಗನ ತಾಯಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಗಂಡನ ಕಡೆ ತಿರುಗಿದರು. "ನೆಳ್ಳಲ್ಲಿ ಕುಂತು ಬೆಳ್ದಿರೋ ಮೈಗಳ್ಳಿ. ಮಣ್ಣು ಯಾವ ಬಣ್ಣ ಅಂತ್ಲೂ ಗೊತ್ತಿಲ್ಲ. ಏಳಿ, ಒತ್ತಾಯ್ತು ಓಗಾಣ."

ಅವರು ಎದ್ದೂ ಆಗಿತ್ತು. ಅಕ್ಕ ಗೆದ್ದಿದ್ದಳು. ಆದರೆ ನಾನು ಅವಳ ಮುಖವನ್ನು ನೋಡಲೇ ಇಲ್ಲ. ಮೈಗಳ್ಳಿ ಎಂಬ ಮಾತೊಂದೇ ನನ್ನ ಕಿವಿಯಲ್ಲಿ ಕೊರೆಯುತ್ತಿತ್ತು. ಸಿಟ್ಟು ನೆತ್ತಿಗೇರಿತು.

"ನಮ್ಮಕ್ಕನ್ನ ಮೈಗಳ್ಳಿ ಅಂತೀರಾ? ಬನ್ನಿ ಇಲ್ಲಿ, ನೋಡ್ಬನ್ನಿ!" ಎಂದು ಆ ತಾಯಿಯ ಸೆರಗು ಹಿಡಿದು ದರದರನೆ ಹಿತ್ತಲಿಗೆ ಎಳೆದೆ. ಎಲ್ಲರೂ ಹಿಂದೆಯೇ ಬಂದರು. ಆಕೆ ಹಾಗಲಕಾಯಿ ಮುಟ್ಟಿ ನೋಡಿದರು, ಡಬ್ಬದಿಂದ ಡಬ್ಬಕ್ಕೆ ಬೀಳುವ ಹನಿಗೆ ಅಂಗೈ ಒಡ್ಡಿದರು. ಹುಡುಗನ ತಂದೆ ಹಗ್ಗ ಜಗ್ಗಿ ಡಬ್ಬ ಇಳಿಸಿ, ಏರಿಸಿ, "ಅಲೆಲೆ! ಚಪ್ಡಿ ಮ್ಯಾಲೆ ಬದ್ನೆ ಬೆಳ್ದವ್ಳಲ್ಲ! ಇಂತವ್ಳಿಗೆ ನಮ್ ಒಲ ಕೊಟ್ರೆ ಬುಟ್ಟಾಳಾ?" ಎಂದರು. ನಾನು ಹಲ್ಲು ಕಿರಿದುಕೊಂಡು, ಅಷ್ಟಕ್ಕೂ ಮಣ್ಣು ತಂದವನು ನಾನೇ ಎಂದು ಬೇರೆ ಕೊಚ್ಚಿಕೊಳ್ಳುತ್ತಿದ್ದೆ, ಮುಠ್ಠಾಳ! ಅಷ್ಟರಲ್ಲಿ ಆ ತಾಯಿ ತಮ್ಮ ಮುಡಿಯ ಸೇವಂತಿಗೆ ತೆಗೆದು ಅಕ್ಕನಿಗೆ ಮುಡಿಸಿಬಿಟ್ಟರು. ಹೂ ಮುಡಿಸಿದರೆ ಮುಗಿಯಿತು, ಮದುವೆ ಗೊತ್ತಾದ ಹಾಗೆ.

ಗಾಡಿ ಹೋದ ಮೇಲೆ ಅಕ್ಕ ಬಾವಿಕಟ್ಟೆಗೆ ಕೈಯೂರಿ ನಿಂತಿದ್ದಳು. ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನಂಗೆ ಬೈದ್ರು ಅಂತ ಬಾಯಿ ಬುಟ್ಬುಟ್ಟೆ, ಅಲ್ವೇನ್ಲಾ? ಬೈಸ್ಕೊಂಡಾದ್ರೂ ಆಚಿಕ್ ಓಗಾಣ ಅಂತಿದ್ದೆ ಕಣ್ಲಾ" ಎಂದಳು. ನನಗೆ ಆಗ ತಿಳಿಯಿತು. ಅವಳ ಸೀರೆಯಲ್ಲಿ ಮುಖ ಹುದುಗಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ನಾಲ್ಕು ಗೋಡೆಯೂ ಹತ್ತಿರ ಹತ್ತಿರ ಬಂದ ಹಾಗಾಯಿತು.

ಅಕ್ಕನ ಬಾಳು ಹಾಳಾಗಲಿಲ್ಲ. ಒಳ್ಳೆಯ ಮನೆ, ಒಳ್ಳೆಯ ಗಂಡ, ಮನೆ ಮುಂದೆ ವಿಶಾಲವಾದ ಹೊಲ. ಆದರೆ ಆ ಪರೀಕ್ಷೆಗೆ ಅವಳು ಕೂರಲೇ ಇಲ್ಲ, ನಾನು ಹೈಸ್ಕೂಲು ಮುಗಿಸಿದಾಗ ನನ್ನ ಪುಸ್ತಕಗಳನ್ನು ಕೇಳಿ ತರಿಸಿಕೊಂಡಳು. ಈಗಿನ ಮಕ್ಕಳು ನೀವು, ನಿಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೆ ದೋಸೆಯೋ ಚಪಾತಿಯೋ ಎಂದು ನಿಮ್ಮನ್ನು ಕೇಳುತ್ತಾರೆ, ಓದುವುದೇನು ಎಂದೂ ಕೇಳುತ್ತಾರೆ, ನೀವು ಮೂತಿ ತಿರುಗಿಸಿಕೊಂಡು ಆಮೇಲೆ ಹೇಳುತ್ತೇನೆ ಅನ್ನುತ್ತೀರಿ. ಅನ್ನಿ, ತಪ್ಪಿಲ್ಲ, ನಿಧಾನವಾಗಿಯೇ ಹೇಳಿ. ನಮ್ಮ ಮನೆಯಲ್ಲಿ ಅಕ್ಕನನ್ನು ಯಾರೂ ಕೇಳಲಿಲ್ಲ. ತನಗೇನು ಬೇಕೆಂದು ಅವಳು ಹೇಳಿಕೊಂಡದ್ದು ಒಬ್ಬನ ಹತ್ತಿರ ಮಾತ್ರ, ಅದೂ ಕಿವಿ ಹಿಡಿದು. ಅವನೂ ಕೇಳಿಸಿಕೊಳ್ಳಲಿಲ್ಲ.