ಬಾವಿಗೆ ಬೆನ್ನು ಮಾಡಿದ ಕಪ್ಪೆಗಳು

ಹಾವೇರಿಯ ನಮ್ಮ ಮನೆಯ ಹಿತ್ತಲಲ್ಲಿ ಎರಡು ತಿಂಗಳ ಹಿಂದೆ ಒಂದು ಇಂಗುಗುಂಡಿ ತೆಗೆಸಿದೆ. ಬಚ್ಚಲ ನೀರು ಮರಳು, ಜಲ್ಲಿ ದಾಟಿ ನೆಲಕ್ಕಿಳಿಯುತ್ತದೆ. ನೀರುಳಿಸಿದ ಹೆಮ್ಮೆಯಲ್ಲಿ ಇಂದು ಬೆಳಿಗ್ಗೆ ಅದರ ಪಕ್ಕ ಚಹಾ ಹಿಡಿದು ನಿಂತಿದ್ದೆ. ಒದ್ದೆ ಮಣ್ಣಿನಿಂದ ಸೋಪಿನ ವಾಸನೆ ಬಂತು. ಲೋಟವನ್ನು ಬಾಯಿಂದ ಇಳಿಸಿದೆ.

ಬ್ಯಾಡಗಿಯ ಸೋದರತ್ತೆಯ ಮನೆಯಲ್ಲೂ ಇದೇ ವಾಸನೆ. ಓದು ಮುಗಿಸಿ ಕೆಲಸ ಸಿಗುವತನಕ ನಾನು ಅಲ್ಲೇ ಬಿದ್ದುಕೊಂಡಿದ್ದೆ. ಮಾಮ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲರು. ಸಂಜೆ ಅಂಗಿ ಕೊಡವಿದರೆ ಓಣಿಯೇ ಸೀನುತ್ತಿತ್ತು. ಆ ಘಾಟು ಹೋಗಲೆಂದು ಅತ್ತೆ ಮುಷ್ಟಿಗಟ್ಟಲೆ ಸೋಪಿನ ಪುಡಿ ಸುರಿಯುತ್ತಿದ್ದಳು. ಒಗೆದ ನೀರನ್ನು ಮಾತ್ರ ಒಂದು ಹನಿಯೂ ಹಾಳು ಮಾಡದೆ ಮನೆಯ ಬಾವಿಯ ಪಕ್ಕದ ಇಂಗುಗುಂಡಿಗೆ ಹರಿಸುತ್ತಿದ್ದಳು. ಆ ಬೇಸಿಗೆ ಬಾವಿ ಬತ್ತಲಿಲ್ಲ. ಓಣಿಯವರೆಲ್ಲ ಕುಡಿಯಲು ಅಲ್ಲಿಂದಲೇ ಸೇದಿದರು.

ನಾನು ಹುಟ್ಟಾ ಚಿಂತೆಗಾರ. ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ಒಂದು ದಿನ ಅತ್ತೆಗೆ, ಗುಂಡಿಯ ಸುತ್ತ ಒಂದು ಇರುವೆಯೂ ಇಲ್ಲವಲ್ಲ ಎಂದೆ.

"ಇರವಿ ಕಡದ್ರೂ ಅಳತಿ, ಕಡೀಲಿಲ್ಲಂದ್ರೂ ಅಳತಿ! ನಿನಗ ಹೆಣ್ಣ ಯಾರ ಕೊಡ್ತಾರೋ ತಮ್ಮಾ," ಎಂದು ಅತ್ತೆ ನಕ್ಕಳು.

ಹಾಗಾಗಿ ವಾರದ ಮೇಲೆ ಬಾವಿಯಿಂದ ಸೇದಿದ ಕೊಡದ ಬಾಯಲ್ಲಿ ಬಿಳಿ ನೊರೆ ಕಂಡಾಗ ಸುಮ್ಮನಿದ್ದೆ. ಜನ್ಮದಲ್ಲಿ ಒಮ್ಮೆ ಚಿಂತೆ ನುಂಗಿಕೊಂಡೆ, ನುಂಗಬಾರದಿದ್ದ ದಿನವೇ.

ನಾಲ್ಕು ದಿನ ಕಳೆದು, ಬೆಳಗಿನ ಬಿಸಿಲಲ್ಲಿ, ಬಾವಿಕಟ್ಟೆಯ ಮೇಲೆ ಕಪ್ಪೆಗಳು ಕುಳಿತಿದ್ದವು. ಹತ್ತಿಪ್ಪತ್ತು ಇರಬೇಕು. ಎಲ್ಲವೂ ನೀರಿಗೆ ಬೆನ್ನು ಮಾಡಿ, ಸದ್ದಿಲ್ಲದೆ. ಕೋಲು ಬಡಿದರೂ ಒಂದೂ ಒಳಗೆ ಜಿಗಿಯಲಿಲ್ಲ. ಅತ್ತೆ ಕೊಡದ ನೀರಲ್ಲಿ ಅಂಗೈಗೆ ಅಂಗೈ ತಿಕ್ಕಿದಳು. ಸೋಪಿಲ್ಲದೆ ನೊರೆ ಎದ್ದಿತು.

"ಮನಿಮನಿಗೆ ನಾನ ಹೋಗಿ ಹೇಳತೇನಿ," ಎಂದಳು. "ಕುಡಿಸಿದಾಕಿ ನಾನ."

ನಾನೂ ಹಿಂದೆ ಹೋದೆ. ನೊರೆಯನ್ನು ಮೊದಲೇ ಕಂಡಿದ್ದೆನೆಂದು ಅವಳಿಗೆ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಇಂದು ಕೈಯಲ್ಲಿದ್ದ ಚಹಾ ಚೆಲ್ಲಿ ಪಕ್ಕದ ಮನೆಯ ಬಾಗಿಲು ಬಡಿದೆ. ಅವರ ಬೋರು ನಮ್ಮ ಗುಂಡಿಯಿಂದ ಹತ್ತು ಹೆಜ್ಜೆ. ಮನೆಮಂದಿ ಕುಡಿಯುವುದು ಅದೇ ನೀರು.

"ಬರ್ರಿ ಸರ, ಇವತ್ತ ಯಾವ ಚಿಂತಿ ತಂದೀರಿ?" ಬಾಗಿಲು ತೆಗೆದ ಮನೆಯ ಯಜಮಾನರು ಕೇಳಿದರು.

"ನಗಬ್ಯಾಡ್ರಿ. ನಿಮ್ಮ ಬೋರಿನ ನೀರ ಒಂದ ಬಾಟ್ಲಿ ತುಂಬಿ ಅಲ್ಲಾಡಸ್ರಿ."

ನಗುತ್ತಲೇ ಅಲ್ಲಾಡಿಸಿದರು. ಗುಳ್ಳೆಗಳೆದ್ದವು.

"ಯಾವ ನೀರಾಗಾದ್ರೂ ಏಳತಾವ ಬಿಡ್ರಿ. ಈಗ ಹೋಗತಾವ."

ಹೋಗಲೆಂದು ಇಬ್ಬರೂ ಬಾಟಲಿಯನ್ನೇ ನೋಡುತ್ತ ನಿಂತೆವು. ಒಳಗಿನಿಂದ ಅವರ ಹೆಂಡತಿ ಎರಡು ಸಲ ಕರೆದರು. ಗುಳ್ಳೆಗಳು ಇನ್ನೂ ಹಾಗೇ ಇದ್ದವು.