ಅರಗಿನ ಎತ್ತುಗಳ ಸೋಮವಾರ

ಬೈಲಹೊಂಗಲಕ್ಕೆ ಬಂದಿಳಿದಿದ್ದ ಸಾಹೇಬರಿಗೆ ನೊಗ ಹೊತ್ತ ಜೋಡೆತ್ತಿನ ಬೊಂಬೆ ಬೇಕಾಗಿತ್ತು. ಅದನ್ನು ತರಲು ಅವರ ಜವಾನನಾದ ನಾನು ಸಂಪಗಾಂವಕ್ಕೆ ನಡೆದೇ ಹೋದೆ. ಅಂದು ಸೋಮವಾರ, ಬಸವನ ವಾರ. ನಮ್ಮ ಕಡೆ ಆ ದಿನ ಯಾರೂ ಗಾಡಿಗೆ ಎತ್ತು ಹೂಡುವುದಿಲ್ಲ.

ಬಡಿಗೇರ ಅಜ್ಜನ ಕಟ್ಟೆಯ ಮೇಲೆ, ಒಂದೇ ಹಲಗೆಯಲ್ಲಿ, ಗೇಣೆತ್ತರದ ಎರಡು ಕಟ್ಟಿಗೆಯ ಎತ್ತುಗಳು ನಿಂತಿದ್ದವು. ಮೈಗೆ ಹಚ್ಚಿದ, ಕನ್ನಡಿಯಂತೆ ಹೊಳೆಯುವ ಕೆಂಪು ಅರಗಿನೊಳಗೆ ಮೋಡಗಳು ತೇಲುತ್ತಿದ್ದವು. ಕೊರಳ ಮೇಲೆ ಮಾತ್ರ ನೊಗವಿರಲಿಲ್ಲ.

"ನೊಗ ಎಲ್ಲೈತ್ರಿ ಅಜ್ಜಾರ?"

"ಗ್ವಾಡಿಗೆ ಆನಿಸಿ ಇಟ್ಟೇನ್ರಿ. ಇವತ್ತ ಸೋಮವಾರ. ನಾಳೆ ಮುಂಜಾನೆ ಹೂಡಿ ಕೊಡತೇನಿ."

"ಇವು ಕಟ್ಟಿಗಿ ಎತ್ತ ಅದಾವ್ರಿ!"

"ಕಟ್ಟಿಗೀವಾದ್ರ ಎತ್ತ ಅಲ್ಲೇನ್ರಿ?" ಎಂದು ಅಜ್ಜ ಅವುಗಳ ಬೆನ್ನು ಸವರಿದ.

"ಸಾಹೇಬ್ರು ಸಂಜೀಕ ಹೊಂಡತಾರ. ಬರಿಗೈಲಿ ಹೋದ್ರ ನನ್ನ ನೌಕರಿ ಉಳಿಯೂದಿಲ್ಲ."

ಅಜ್ಜ ನೊಗವನ್ನು ನನ್ನ ಪಂಚೆಯ ತುದಿಗೆ ಕಟ್ಟಿದ. "ಒಯ್ಯಿರಿ. ಇವತ್ತ ಮಾತ್ರ ಹೂಡಬ್ಯಾಡ್ರಿ."

ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೆ. ಬಿಸಿಲಿಗೆ ಅರಗು ಬೆಚ್ಚಗಾಗಿ, ಅದರ ವಾಸನೆ ಮುಖದ ಮೇಲೆ ಇಳಿಯಿತು. ನೆತ್ತಿಯ ಮೇಲೆ ಎರಡು ಜೀವ ಉಸಿರಾಡುತ್ತಿವೆ ಅನಿಸಿ, ಅವುಗಳ ನಿದ್ದೆ ಕೆಡದಂತೆ ಮೆಲ್ಲಗೆ ನಡೆದೆ.

ಸಾಹೇಬರು ನೊಗ ಕೇಳಿದಾಗ ಗಂಟು ಬಿಚ್ಚಿ ಕೈಗೆ ಕೊಟ್ಟೆ. ಆದರೆ ಬಾಯಿ ತಡೆಯಲಿಲ್ಲ. "ನಾಳೆ ಹೂಡ್ರಿ ಸಾಹೇಬ್ರ, ಇವತ್ತ ಅವಕ್ಕ ಸೂಟಿ."

ಬೆವರಿಳಿಯುತ್ತಿದ್ದ ನನ್ನ ಕೊರಳನ್ನು ನೋಡಿ ಅವರು ನಕ್ಕರು. ನಗಲಿ ಬಿಡಿ. ಆ ಸೋಮವಾರ ಇಡೀ ಸೀಮೆಯಲ್ಲಿ ಭಾರ ಹೊತ್ತ ಎತ್ತು ನಾನೊಬ್ಬನೇ.